ವ್ಯಾಟಿಕನ್ನಿನಲ್ಲಿ ಕಾಕತಿ ಸಾವಕಾರರು

ಕಿತ್ತೂರು ಚನ್ನಮ್ಮನ ತವರಾದ ಕಾಕತಿಯಲ್ಲಿ, ಹೆದ್ದಾರಿ ಪಕ್ಕದ ಹೊಲಗಳಿಗೆ ಬೆಲೆ ಬಂದು ಮಕ್ಕಳು ಪುಣೆಯಲ್ಲಿ ನೌಕರಿ ಹಿಡಿದ ಮೇಲೆ ರೂಪುಗೊಂಡ ವರ್ಗವೊಂದನ್ನು ‘ಯುರೋಪ್ ಮುಗಿಸಿದವರು’ ಎಂದು ಗುರುತಿಸಬಹುದು. ಕಾಶಿ, ಚಾರ್‌ಧಾಮಗಳನ್ನು ಮುಗಿಸಿದ ಕ್ರಮದಲ್ಲಿಯೇ ಟೂರ್ ಕಂಪನಿಯ ಬಸ್ಸಿನಲ್ಲಿ ಯುರೋಪನ್ನೂ ಮುಗಿಸುವ ಈ ಸಾವಕಾರರ ಲಕ್ಷಣಗಳೆಲ್ಲ ಒಟ್ಟಾಗಿ ಪ್ರಕಟವಾಗುವುದು ವ್ಯಾಟಿಕನ್ ಮ್ಯೂಸಿಯಂನಲ್ಲಿ.

1506ರಲ್ಲಿ ರೋಮಿನ ದ್ರಾಕ್ಷಿತೋಟವೊಂದರಲ್ಲಿ ದೊರೆತ ಲಾವೊಕೋನ್ ಎಂಬ ಅಮೃತಶಿಲೆಯ ಶಿಲ್ಪವನ್ನು ಪೋಪ್ ಎರಡನೆಯ ಜೂಲಿಯಸ್ ಕೊಂಡು ತಂದುದರಿಂದ ಮೊದಲಾದ ಈ ಸಂಗ್ರಹಕ್ಕೆ ಈಗ ವರ್ಷಕ್ಕೆ 60 ಲಕ್ಷಕ್ಕೂ ಮಿಕ್ಕಿ ಜನ ಬರುತ್ತಾರಾದರೂ, ಭಾರತ ಹುಣ್ಣಿಮೆಯಂದು ಸವದತ್ತಿ ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಪಳಗಿದ ಸಾವಕಾರರ ಮೊಣಕೈಗೆ ಈ ಗದ್ದಲ ಲೆಕ್ಕಕ್ಕಿಲ್ಲ. 16ನೆಯ ಶತಮಾನದ 40 ಭಿತ್ತಿನಕಾಶೆಗಳಿರುವ, 120 ಮೀಟರ್ ಉದ್ದದ ಓಣಿಯನ್ನು ಅವರು ದಾಟುವುದು ಮಾರ್ಗದರ್ಶಿ ಎತ್ತಿ ಹಿಡಿದ ಕೊಡೆಯೊಂದನ್ನೇ ನೋಡುತ್ತ. ಕೊಡೆ ತಪ್ಪಿದರೆ ಮಧ್ಯಾಹ್ನದ ಅನ್ನ-ಸಾರೂ ತಪ್ಪುತ್ತದೆಂಬುದನ್ನು ಬಲ್ಲವರಿಗೆ ಇದು ಅರಸಿಕತೆಯೆನಿಸದು.

ಕೊನೆಗೆ ಸಿಸ್ಟೀನ್ ಚಾಪೆಲ್, ಅಂದರೆ ಹೊಸ ಪೋಪರ ಆಯ್ಕೆ ನಡೆಯುವ ಪ್ರಾರ್ಥನಾಮಂದಿರ. ಇದರ ಒಳಮಾಳಿಗೆಯಲ್ಲಿ ಮೈಕೆಲೇಂಜೆಲೊ 1508ರಿಂದ 1512ರವರೆಗೆ ಫ್ರೆಸ್ಕೊ ಪದ್ಧತಿಯಲ್ಲಿ, ಎಂದರೆ ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚುವ ಕ್ರಮದಲ್ಲಿ ಬರೆದ ಚಿತ್ರಗಳು ನೆಲದಿಂದ ಸುಮಾರು 20 ಮೀಟರ್ ಎತ್ತರದಲ್ಲಿದ್ದು, ನಡುಸಾಲಿನ ಒಂಬತ್ತರಲ್ಲಿ ವೇದಿಕೆಯ ಕಡೆಯಿಂದ ನಾಲ್ಕನೆಯದೇ ದೇವರು ಆದಮನತ್ತ ಕೈಚಾಚಿದ ಜಗತ್ಪ್ರಸಿದ್ಧ ಚಿತ್ರ.

“ಎಲ್ಲಿ ಅದಾವ್ರೀ ಆ ಎರಡು ಬಟ್ಟು?” ಎಂದು ಸಾವಕಾರ್ತಿ ಕೇಳುತ್ತಾರೆ.

“ತಡಿ, ಹುಡಕಾಕತ್ತೇನಿ.”

ಕುತ್ತಿಗೆ ಹಿಡಿದುಕೊಳ್ಳುವ ಹೊತ್ತಿಗೆ ಬಟ್ಟು ಸಿಗುತ್ತವೆ. “ಇಷ್ಟ ಸಣ್ಣವೇನ್ರೀ? ಮೊಬೈಲ್‌ನಾಗ ದೊಡ್ಡವು ಕಾಣ್ತಿದ್ವಲ್ಲ!”

ವಿಮರ್ಶೆ ಇಲ್ಲಿಗೆ ಮುಗಿಯುತ್ತದೆ. ಎದುರು ಗೋಡೆಯ ‘ಅಂತಿಮ ತೀರ್ಪು’ ಚಿತ್ರದ ಬತ್ತಲೆ ದೇಹಗಳನ್ನು ಕಂಡು ಸಾವಕಾರ್ತಿ ಸೆರಗು ಸರಿಪಡಿಸಿಕೊಂಡು ಮುಖ ತಿರುಗಿಸುವುದನ್ನು ಹಳ್ಳಿತನವೆಂದು ನಗಬೇಕಾಗಿಲ್ಲ. 1565ರಲ್ಲಿ ಚರ್ಚೇ ಮುಜುಗರಪಟ್ಟು, ದಾನಿಯೆಲೆ ದ ವೋಲ್ತೆರ್ರಾ ಎಂಬ ಚಿತ್ರಕಾರನಿಂದ ಅವುಗಳಲ್ಲಿ ಹಲವಕ್ಕೆ ಬಟ್ಟೆ ತೊಡಿಸಿತ್ತು. ಇಲ್ಲಿ ಫೋಟೊ ನಿಷಿದ್ಧವಾದುದರಿಂದ ಸಾವಕಾರರು ಮೊಬೈಲನ್ನು ಎದೆಗಾನಿಸಿ, ಕೆಮ್ಮುವ ನೆಪದಲ್ಲಿ ಗುಂಡಿ ಒತ್ತುತ್ತಾರೆ. “ಸಿಲೆಂತ್ಸಿಯೊ!”, ಅಂದರೆ ‘ಸದ್ದು ಬೇಡ’, ಎಂಬ ಕಾವಲುಗಾರನ ಕೂಗಿನ ನಡುವೆ ಬಂಧುಬಳಗದ ವಾಟ್ಸಾಪ್ ಗುಂಪಿಗೆ ರವಾನೆಯಾಗುವ ಆ ಚಿತ್ರದಲ್ಲಿ ಮುಕ್ಕಾಲು ಭಾಗ ಮುಂದೆ ನಿಂತವರ ಬೋಳುತಲೆ.

ಇದೇ ಕುತ್ತಿಗೆ, ಕಾಕತಿಯಿಂದ ಹತ್ತು ಕಿಲೋಮೀಟರಿನೊಳಗಿರುವ ಬೆಳಗಾವಿ ಕೋಟೆಯ ಕಮಲ ಬಸದಿಯಲ್ಲಿ ಮೇಲಕ್ಕೆ ಎತ್ತಿದ ದಾಖಲೆಯಿಲ್ಲ. ಸವದತ್ತಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರ ಸುಮಾರಿಗೆ ಕಟ್ಟಿಸಿದನೆನ್ನಲಾದ ಈ ಜೈನ ಬಸದಿಯ ಒಳಮಾಳಿಗೆಯಿಂದ ಕಲ್ಲಿನ ಕಮಲವೊಂದು ಎಸಳೆಸಳಾಗಿ ಇಳಿಬಿದ್ದಿದೆ. ನೂಕುವವರೂ ಇಲ್ಲ, ಕೊಡೆಯೂ ಇಲ್ಲ; ಬಹುಶಃ ಅದೇ ಅದರ ಕೊರತೆ. ಬೀಚಿರಾಜನ ಜಿನಾಲಯಕ್ಕೆ ಕೊಟ್ಟ ದತ್ತಿಯ ಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ. ಸಾವಕಾರರ ಯಾತ್ರೆ ಮುಗಿಯುವುದೂ ಲಂಡನ್ನಿನಲ್ಲಿಯೇ, ಆ ಮ್ಯೂಸಿಯಂಗೆ ಟಿಕೆಟ್ಟೂ ಇಲ್ಲ. ಆದರೆ ಟೂರ್ ಕಂಪನಿಯ ಪಟ್ಟಿಯಲ್ಲಿ ಆ ದಿನ ಇರುವುದು ಮೇಣದ ಗೊಂಬೆಗಳು.