ನಿಂದ್ರಾಕೇನ್ ಅವಸರ ಐತಿ?

ಅಣ್ಣಿಗೇರಿ, ನವಲಗುಂದದ ಕಡೆ ಯಾವ ಹಳ್ಳಿಗೆ ಹೋದರೂ ಇಂಥವನೊಬ್ಬ ಇದ್ದೇ ಇರುತ್ತಾನೆ. ವಯಸ್ಸು ಅರವತ್ತರ ಆಚೆ. ಧೋತರ, ಬಿಳಿ ಅಂಗಿ, ಮುಂಗೈಗೆ ಎಂದೂ ಹೋಗದ ಗ್ರೀಸಿನ ಕಲೆ. ಹಿಂದೆ ಎತ್ತು ಕಟ್ಟುತ್ತಿದ್ದ ಜಾಗದಲ್ಲಿ ಈಗ ಒಂದು ಯೆಜ್ಡಿ ಗಾಡಿ. ಊರವರು ಎದುರಿಗೆ ಕಾಕಾರ ಅನ್ನುತ್ತಾರೆ, ಹಿಂದೆ ಪ್ಲಗ್ ಕಾಕಾ ಅನ್ನುತ್ತಾರೆ. ಎರಡೂ ಅವನಿಗೆ ಗೊತ್ತು, ಎರಡನೆಯದೇ ಹೆಚ್ಚು ಇಷ್ಟ.

ಗಾಡಿ ಮೈಸೂರಿನದು. ಆ ಕಾರ್ಖಾನೆ 1960ರ ದಶಕದ ಮೊದಲಿಗೆ ಜಾವಾ ಎಂಬ ಹೆಸರಿನಲ್ಲಿ ಗಾಡಿ ಮಾಡತೊಡಗಿ, ಆಮೇಲೆ ಯೆಜ್ಡಿ ಮಾಡಿ, 1996ರಲ್ಲಿ ಬಾಗಿಲು ಹಾಕಿತು. "ಫ್ಯಾಕ್ಟರಿ ಬಂದ್ ಆತು, ನನ್ನ ಗಾಡಿ ಬಂದ್ ಆಗಿಲ್ಲ" ಎಂದು ಕಾಕಾ ಹೇಳುವಾಗ, ಕಾರ್ಖಾನೆಯವರು ಸ್ವಲ್ಪ ಅವಸರ ಮಾಡಿದರೇನೋ ಅನ್ನಿಸಬೇಕು. ಗಾಡಿಗೆ ಬೀಗ ಹಾಕುವ ಪದ್ಧತಿ ಅವನಿಗಿಲ್ಲ. ಯೆಜ್ಡಿಯಲ್ಲಿ ಗೇರಿನ ಲಿವರನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕು. ಈಗಿನ ಕಳ್ಳರು ಹುಡುಗರು. ಕಿಕ್ಕು ಎಲ್ಲಿದೆ ಎಂದು ಹುಡುಕುವುದರೊಳಗೆ ಬೆಳಗಾಗುತ್ತದೆ.

ಕಾಕಾನ ಗಾಡಿಗೆ ಏನೇ ಆಗಲಿ, ಅದು ಪ್ಲಗ್ಗಿನದೇ ದೋಷ. ಇದರಲ್ಲಿ ಅರ್ಧ ಸತ್ಯವಿದೆ. ಎರಡು ಸ್ಟ್ರೋಕಿನ ಗಾಡಿಯಲ್ಲಿ ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯುತ್ತದೆ. ಎಂಜಿನ್ನಿನ ಪ್ರತಿ ಸುತ್ತಿಗೂ ಪ್ಲಗ್ಗು ಕಿಡಿ ಹಾರಿಸಬೇಕು. ಹಾಗಾಗಿ ಅದಕ್ಕೆ ಮಸಿ ಹಿಡಿಯುವುದು ಸಹಜ. ಆದರೆ ಕಾಕಾ ಪ್ಲಗ್ ಬಿಚ್ಚುವುದು ಮಸಿ ಹಿಡಿದಾಗಲ್ಲ, ಕಟ್ಟೆಯ ಮೇಲೆ ನಾಲ್ಕು ಜನ ಕೂತಾಗ. ಕಿಸೆಯ ಎಲಿ-ಅಡಿಕಿ ಚಂಚಿಯ ಜೊತೆಗೆ ಒಂದು ಹೆಚ್ಚಿನ ಪ್ಲಗ್ಗು ಯಾವಾಗಲೂ ಇರುತ್ತದೆ. ಬಿಚ್ಚಿದ್ದನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಜ್ಯೋತಿಷಿ ಪಂಚಾಂಗ ನೋಡಿದಂತೆ ನೋಡುತ್ತಾನೆ. ತುದಿ ಚಹಾದ ಬಣ್ಣಕ್ಕಿದ್ದರೆ ಎಂಜಿನ್ನು ನಿರೋಗಿ. ಕರ್ರಗೆ ಜಿಡ್ಡಾಗಿದ್ದರೆ ಎಣ್ಣೆ ಹೆಚ್ಚು. ಬೆಳ್ಳಗಿದ್ದರೆ ಗಾಳಿ ಹೆಚ್ಚಾಗಿ ಪೆಟ್ರೋಲು ಸಾಲುತ್ತಿಲ್ಲ, ಎಂಜಿನ್ನು ಸುಡುತ್ತಿದೆ. ಪಾಲಿಶ್ ಪೇಪರಿನಿಂದ ತಿಕ್ಕಿ, ಸಂದಿಗೆ ಹ್ಯಾಕ್ಸಾ ಬ್ಲೇಡು ತೂರಿಸಿ ನೋಡುತ್ತಾನೆ. ಆ ಬ್ಲೇಡಿನ ದಪ್ಪ ಸುಮಾರು 0.6 ಮಿ.ಮೀ., ಅಂದರೆ ಅಳತೆ ಸರಿಯೇ. ಆಮೇಲೆ ಪ್ಲಗ್ಗಿಗೆ ಕ್ಯಾಪು ಸಿಕ್ಕಿಸಿ, ಎಂಜಿನ್ನಿನ ತಲೆಗೆ ತಾಗಿಸಿ ಹಿಡಿಯಲು ಒಬ್ಬ ಹುಡುಗ ಬೇಕು.

"ಹಿಡಿ ತಮ್ಮಾ, ಏನೂ ಆಗೂದಿಲ್ಲ."

ಊರಿನ ಒಂದು ತಲೆಮಾರಿನ ಗಂಡುಮಕ್ಕಳೆಲ್ಲ ವಿದ್ಯುತ್ತು ಅಂದರೇನು ಎಂಬುದನ್ನು ಶಾಲೆಗಿಂತ ಮೊದಲು ಇಲ್ಲಿ ಕಲಿತಿದ್ದಾರೆ.

ಅಂಗಡಿಯಲ್ಲಿ ಕಾಕಾ ಕೇಳುವುದು ಮೈಕೋ ಪ್ಲಗ್ಗನ್ನೇ. ಬೆಂಗಳೂರಿನ ಆ ಕಂಪನಿ 2008ರಲ್ಲಿ ಹೆಸರು ಬದಲಿಸಿ ಬಾಷ್ ಆಗಿದೆ ಎಂದು ಅಂಗಡಿಯವನು ತಿಳಿಸಿ ಹೇಳಿದರೂ ಅದು ಇನ್ನೂ ಕಾಕಾನ ಮಂಜೂರಾತಿಗೆ ಬಾಕಿಯಿದೆ. ಖಂಡೇಪೂಜೆಯ ದಿನ ಹೊಸ ಪ್ಲಗ್ಗಿಗೆ ವಿಭೂತಿ, ಕುಂಕುಮ, ಒಂದು ಚೆಂಡುಹೂವು.

ಬ್ರೇಕಿಗೆ ಮಾತ್ರ ಹೂವಿಲ್ಲ, ಕುಂಕುಮವಿಲ್ಲ, ಲೈನರೂ ಇಲ್ಲ.

ತಪ್ಪು ಅವನೊಬ್ಬನದಲ್ಲ, ಭೂಗೋಳದ್ದೂ ಹೌದು. ನವಲಗುಂದದ ಗುಡ್ಡ ಬಿಟ್ಟರೆ ಆ ಸೀಮೆಯಲ್ಲಿ ಇಳಿಜಾರು ಎಂಬುದನ್ನು ಹುಡುಕಿಕೊಂಡು ಹೋಗಬೇಕು. ಕಡಲೆ, ಹತ್ತಿಯ ಎರಿ ಹೊಲಗಳ ನಡುವೆ ರಸ್ತೆ ಮಲಗಿಬಿಟ್ಟಿರುತ್ತದೆ. ಎಕ್ಸಲೇಟರ್ ಬಿಟ್ಟರೆ ಗಾಡಿ ತಾನೇ ಬೇಸತ್ತು ನಿಲ್ಲುತ್ತದೆ. ಮಳೆಗಾಲದಲ್ಲಂತೂ ಎರಿ ಮಣ್ಣು ಟಾಯರಿಗೂ ಮಡ್ಗಾರ್ಡಿಗೂ ನಡುವೆ ಮೆತ್ತಿಕೊಂಡು, ಕೇಳದಿದ್ದರೂ ಬ್ರೇಕು ಹಾಕಿ ಕೊಡುತ್ತದೆ. ಹನಮಪ್ಪನ ಗುಡಿಯ ಹತ್ತಿರ ಕಾಲೊತ್ತಿದರೆ ತನ್ನ ಮನೆಯ ಕಟ್ಟೆಗೆ ಬರೋಬ್ಬರಿ ನಿಲ್ಲುತ್ತದೆ ಎಂಬ ಲೆಕ್ಕ ಕಾಕಾನಿಗೆ ಬಾಯಿಪಾಠ. ಅಷ್ಟಕ್ಕೂ ಸಾಲದಿದ್ದರೆ ಎರಡೂ ಕಾಲು ನೆಲಕ್ಕೆ. ಬ್ರೇಕಿನ ಲೈನರಿಗಿಂತ ಅವನ ಚಪ್ಪಲಿಯ ಹಿಮ್ಮಡಿಗೇ ಹೆಚ್ಚು ಖರ್ಚಾಗಿದೆ.

"ಲೈನರ್ ಹಾಕ್ಸ್ರಿ ಕಾಕಾರ" ಎಂದರೆ ಉತ್ತರ ಸಿದ್ಧ: "ಹೋಗಾಕ ಅವಸರ ಇರ್ತೈತಿ. ನಿಂದ್ರಾಕೇನ್ ಅವಸರ ಐತಿ?"

ಹಾಗಂತ ಬ್ರೇಕಿನ ವಿದ್ಯೆ ಅವನಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದದ್ದೇ ಕೇಡಾಯಿತು. ಲೈನರು ಸವೆದಂತೆ ಹಿಂದಿನ ರಾಡಿನ ನಟ್ಟು ಬಿಗಿ ಮಾಡುತ್ತ ಹೋದ. ರಾಡಿನ ಹಲ್ಲು ಮುಗಿಯಿತು. ಆಮೇಲೆ ಡ್ರಮ್ಮಿನ ಮೇಲಿನ ಲಿವರ್ ಬಿಚ್ಚಿ ಒಂದು ಹಲ್ಲು ಹಿಂದಕ್ಕೆ ಕೂರಿಸಿದ. ಮತ್ತೆ ಕೆಲವು ತಿಂಗಳು ನಡೆಯಿತು. ಅದೂ ಮುಗಿದಾಗ ಪೌಡರ್ ಡಬ್ಬಿಯ ತಗಡು ಕತ್ತರಿಸಿ ಕ್ಯಾಮಿಗೂ ಶೂವಿಗೂ ನಡುವೆ ಇಟ್ಟ. ಮುಂದಿನ ಬ್ರೇಕಿನ ವಾಯರು ಎಂದೋ ತುಂಡಾಗಿದೆ. ಅದರ ಹ್ಯಾಂಡಲಿಗೆ ಸಂತೆಯ ಚೀಲ ತೂಗುಹಾಕುತ್ತಾನೆ.

ಹೀಗಿರುವಾಗ ಮಗಳು ಹಡೆದಳು. ಕೂಸಿಗೆ ತೊಟ್ಟಿಲು ಬೇಕು, ತೊಟ್ಟಿಲೆಂದರೆ ಕಲಘಟಗಿಯದೇ ಆಗಬೇಕು; ಅರಗಿನ ಬಣ್ಣ ಹಾಕಿ ದೇವರ ಚಿತ್ರ ಬರೆದದ್ದು. ಕಾಕಾನ ಹೆಂಡತಿ ಬಸ್ಸಿಗೆ ಹೋಗಲು ಹೇಳಿದಳು. ಬಸ್ಸಿನಲ್ಲಿ ತಂದರೆ ಜನ ಕೈ ಹಚ್ಚಿ ಬಣ್ಣ ಹೋಗುತ್ತದೆ ಎಂದು ಕಾಕಾ ಗಾಡಿಯ ಮೇಲೇ ಹೊರಟ. ಹೊಸ ಪ್ಲಗ್ ಹಾಕಿಕೊಂಡು.

ಕಲಘಟಗಿ ಬೇರೆ ಲೋಕ. ಅಲ್ಲಿ ಭತ್ತದ ಗದ್ದೆ, ಗಿಡಮರ, ಮಲೆನಾಡಿನ ಅಂಚು. ರಸ್ತೆಗೆ ಏರೂ ಇದೆ, ಇಳಿಕೆಯೂ ಇದೆ. ತೊಟ್ಟಿಲಿನ ಕಾಲು, ಪಟ್ಟಿಗಳನ್ನು ಬಿಚ್ಚಿ ಗೋಣಿತಟ್ಟಿನಲ್ಲಿ ಸುತ್ತಿ ಹಿಂದೆ ಕಟ್ಟಿಕೊಂಡು ಬರುವಾಗ ಒಂದು ಇಳಿಜಾರು. ಕೆಳಗೆ ರಸ್ತೆಗೆ ಅಡ್ಡಲಾಗಿ ಎಮ್ಮೆಗಳು. ಕಾಕಾ ಎಕ್ಸಲೇಟರ್ ಬಿಟ್ಟ. ಎರಡು ಸ್ಟ್ರೋಕಿನ ಎಂಜಿನ್ನು ಇಳಿಕೆಯಲ್ಲಿ ಗಾಡಿಯನ್ನು ಹಿಡಿದಿಡುವುದು ಅಷ್ಟಕ್ಕಷ್ಟೇ. ಬ್ರೇಕೊತ್ತಿದ, ಏನೂ ಇಲ್ಲ. ಹೊಯ್ ಹೊಯ್ ಎಂದು ಕೂಗಿದ, ಎಮ್ಮೆಗಳಿಗೂ ಅವಸರವಿರಲಿಲ್ಲ. ಕೊನೆಗೆ ಕುಲದೇವರನ್ನು ನೆನೆದು ಇಡೀ ಮೈಭಾರ ಬಲಗಾಲಿನ ಮೇಲೆ ಹಾಕಿದ. ಒಳಗೆ ಕಟ್ ಎಂದಿತು. ಹಿಂದಿನ ಗಾಲಿ ಹಿಡಿದು, ಕಿರ್ರೆಂದು ಎಳೆದುಕೊಂಡು ಹೋಗಿ, ಕಡೆಯ ಎಮ್ಮೆಯ ಬಾಲದ ಹತ್ತಿರ ಗಾಡಿ ನಿಂತಿತು. ಎಮ್ಮೆ ತಿರುಗಿಯೂ ನೋಡಲಿಲ್ಲ.

ನಿಂತದ್ದು ಸರಿ. ಹೊರಡಲು ನೋಡಿದರೆ ಗಾಡಿ ಅಲುಗುವುದಿಲ್ಲ. ಮೊದಲ ಗೇರು ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ನು ಡುಬ್ ಎಂದು ಸಾಯುತ್ತದೆ. ಮತ್ತೆ ಕಿಕ್ಕು, ಮತ್ತೆ ಡುಬ್. ಕಾಕಾನಿಗೆ ಕೂಡಲೇ ರೋಗ ತಿಳಿಯಿತು. ಡಬಲ್ ಸ್ಟ್ಯಾಂಡ್ ಹಾಕಿ, ಪಾನಾ ತೆಗೆದು, ಪ್ಲಗ್ ಬಿಚ್ಚಿದ. ಬಿಸಿಲಿಗೆ ಹಿಡಿದು ನೋಡುತ್ತಾನೆ, ಚಹಾದ ಬಣ್ಣ! ಅಂಥ ಸುಂದರವಾದ ಪ್ಲಗ್ಗನ್ನು ಅವನು ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಆದರೂ ಬಿಡದೆ ಕಿಸೆಯಲ್ಲಿದ್ದ ಇನ್ನೊಂದನ್ನು ಹಾಕಿದ.

ದಾರಿಯಲ್ಲಿ ಹೋಗುತ್ತಿದ್ದ ಗ್ಯಾರೇಜಿನ ಹುಡುಗನೊಬ್ಬ ನಿಂತು ನೋಡಿ ಕೇಳಿದ: "ಅಜ್ಜಾರ, ಗಾಲೀನ ತಿರಗವಲ್ದು, ಪ್ಲಗ್ಗರ ಏನ್ ಮಾಡ್ತೈತ್ರಿ?"

ಹುಡುಗ ಹಿಂದಿನ ಗಾಲಿ ಬಿಚ್ಚಿದ. ಶೂವಿನ ಮೇಲೆ ಲೈನರು ಹೋಗಿ ಬರೀ ಅಲ್ಯುಮಿನಿಯಂ ಉಳಿದಿತ್ತು. ತಗಡು ಜಾರಿ, ಕ್ಯಾಮು ಪೂರ್ತಿ ಅಡ್ಡ ತಿರುಗಿ ಹಾಗೇ ಸಿಕ್ಕಿಹಾಕಿಕೊಂಡಿತ್ತು. ಡ್ರಮ್ಮಿನ ಧೂಳು ಊದಲು ಕಾಕಾ ಬಗ್ಗಿದರೆ ಹುಡುಗ ತಡೆದ. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಎದೆಗೆ ಕೆಟ್ಟದ್ದು ಎಂದು ಒದ್ದೆ ಅರಿವೆಯಿಂದ ಒರೆಸಿದ. ಒರೆಸುವಾಗ ಗುಲಾಬಿ ಹೂವಿನ ಚಿತ್ರವಿದ್ದ ಒಂದು ತಗಡಿನ ತುಣುಕು ಬಿತ್ತು. ಅದರ ಹಿಂದೆ ಇನ್ನೊಂದು.

"ಇದನ್ನ ಯಾರ್ ಹಾಕ್ಯಾರ್ರಿ?"

"ಹುಬ್ಬಳ್ಳ್ಯಾಗ ಒಬ್ಬಾಂವ ಮಿಸ್ತ್ರಿ" ಎಂದ ಕಾಕಾ. "ಭಾಳ ಶಾಣ್ಯಾ ಮನಶ್ಯಾ."

ಯೆಜ್ಡಿಯ ಶೂ ಕಲಘಟಗಿಯಲ್ಲಿ ಸಿಗಲಿಲ್ಲ. ಹುಬ್ಬಳ್ಳಿಗೆ ಫೋನು ಹೋಗಿ, ಬಸ್ಸಿನ ಕಂಡಕ್ಟರನ ಕೈಯಲ್ಲಿ ಜೋಡಿ ಬಂತು. ಹುಡುಗ ಲೈನರಿನ ಮೇಲ್ಮೈಯನ್ನು ಪಾಲಿಶ್ ಪೇಪರಿನಿಂದ ಹಗುರ ತಿಕ್ಕಿ, ಕ್ಯಾಮಿಗೆ ಮಾತ್ರ ಚೂರು ಗ್ರೀಸು ಹಚ್ಚಿ, ಸ್ಪ್ರಿಂಗು ಕೂರಿಸಿ, ಬ್ರೇಕನ್ನು ಒತ್ತಿ ಹಿಡಿದುಕೊಂಡೇ ಎಕ್ಸಲಿನ ನಟ್ಟು ಬಿಗಿ ಮಾಡಿದ. ಹಾಗೆ ಮಾಡಿದರೆ ಶೂ ಡ್ರಮ್ಮಿನ ನಡುವೆ ಸರಿಯಾಗಿ ಕೂರುತ್ತದೆ. ಮೊದಲಿಗೆ ಹಗುರ ಹಿಡೀರಿ ಎಂದೂ ಹೇಳಿ ಕಳಿಸಿದ. ಇಷ್ಟು ಹೊತ್ತೂ ಕಾಕಾ ಅವನಿಗೆ ಪ್ಲಗ್ಗಿನ ಬಣ್ಣದ ಬಗ್ಗೆ ಹೇಳುತ್ತಿದ್ದ.

ಸಂಜೆ ಊರು ಮುಟ್ಟಿದ ಕಾಕಾ, ಎಂದಿನಂತೆ ಹನಮಪ್ಪನ ಗುಡಿಯ ಹತ್ತಿರ ಎಂದಿನ ಭಾರದಿಂದಲೇ ಕಾಲೊತ್ತಿದ. ಗಾಡಿ ಗಕ್ಕನೆ ಅಲ್ಲೇ ನಿಂತಿತು. ಗೋಣಿತಟ್ಟಿನ ಗಂಟು ಬೆನ್ನಿಗೆ ಬಂದು ಬಡಿಯಿತು. ಗುಡಿಯ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು.

"ಯಾಕ್ರಿ ಕಾಕಾರ, ಇಲ್ಲೇ ನಿಂತ್ರಿ?"

ಕಾಕಾ ಇಳಿದು, ಗಾಡಿಯನ್ನೊಮ್ಮೆ ಕೆಳಗಿನಿಂದ ಮೇಲಿನವರೆಗೆ ನೋಡಿ, ಕಿಸೆಗೆ ಕೈ ಹಾಕಿದ.

"ಪ್ಲಗ್ ಯಾಕೋ ಬರೋಬ್ಬರಿ ಇಲ್ಲ. ಏ ತಮ್ಮಾ, ಬಾ ಇಲ್ಲೆ, ಇದನ್ನೊಂದೀಟು ಹಿಡಿ."