ಮನೆಯಲ್ಲಿ ಎಷ್ಟು ಜನ?

ಮೈಸೂರಿನಲ್ಲಿ ಮನೆ ಮಾಡಿಕೊಂಡವರಿಗೆ ತಮಗೆ ಇಷ್ಟೊಂದು ನೆಂಟರಿದ್ದಾರೆ ಎಂಬುದು ಆಗಸ್ಟ್ ತಿಂಗಳಿನವರೆಗೆ ತಿಳಿದಿರುವುದಿಲ್ಲ. ಗಜಪಯಣ ಮುಗಿಸಿದ ಆನೆಗಳು ಅರಮನೆಯ ಅಂಗಳ ಸೇರಿದವು ಎಂದು ಟೀವಿಯಲ್ಲಿ ಬಂದದ್ದೇ ತಡ, ಫೋನ್ ಶುರುವಾಗುತ್ತದೆ. "ಏನಮ್ಮಾ, ಎಷ್ಟು ದಿನ ಆಯ್ತು ಮಾತಾಡಿ!" ಎಂದು ಹೊರಟ ಮಾತು ಮಕ್ಕಳ ಓದು, ಅತ್ತೆಯವರ ಮಂಡಿನೋವು, ಈ ವರ್ಷದ ಮಳೆ ಎಲ್ಲವನ್ನೂ ಸುತ್ತಿ ಬಂದು, "ಅಂದಹಾಗೆ, ಜಂಬೂಸವಾರಿಗೆ ಪಾಸ್ ಸಿಗುತ್ತಾ?" ಎಂಬಲ್ಲಿ ನಿಲ್ಲುತ್ತದೆ. ನಾನು ಅನುದಾನಿತ ಶಾಲೆಯೊಂದರ ಟೀಚರ್. ನಮ್ಮ ಯಜಮಾನರು ವಿಮಾ ಕಚೇರಿಯೊಂದರಲ್ಲಿ ಗುಮಾಸ್ತರು. ನಮಗೂ ಅರಮನೆಗೂ ಇರುವ ಸಂಬಂಧವೆಂದರೆ, ಕುವೆಂಪುನಗರಕ್ಕೆ ಬರುವ ನಮ್ಮ ಸಿಟಿ ಬಸ್ಸು ಅದರ ಹತ್ತಿರದಿಂದ ಹೊರಡುತ್ತದೆ, ಅಷ್ಟೆ. ಆದರೂ ಮೈಸೂರಿನವರೆಲ್ಲ ಮಹಾರಾಜರಿಗೆ ಏನಾದರೊಂದು ವರಸೆಯಲ್ಲಿ ಬೀಗರಾಗಲೇಬೇಕು ಎಂಬುದು ಹೊರಗಿನವರ ನಂಬಿಕೆ.

2025ರ ದಸರಾ ತಿಥಿಯ ಲೆಕ್ಕದಲ್ಲಿ ಹಿಗ್ಗಿ ಹನ್ನೊಂದು ದಿನದ್ದಾಗಿತ್ತು. "ಒಂದ್ ದಿನಾ ಜಾಸ್ತೀನ ಸಿಕ್ತಲ್ಲ ವೈನೀ, ಅಲ್ಲೇ ಇರ್ತೀವಿ" ಎಂದು ನಾದಿನಿ ಹುಬ್ಬಳ್ಳಿಯಿಂದಲೇ ಸಂತೋಷಪಟ್ಟಳು. ಹುಟ್ಟಿ ಬೆಳೆದದ್ದು ಮೈಸೂರಿನಲ್ಲೇ ಆದರೂ ಮದುವೆಯಾಗಿ ಹೋದ ಮೇಲೆ ಅವಳ ಮಾತಿನ ಜೊತೆಗೆ ಹಸಿವೂ ಆ ಕಡೆಯದಾಗಿದೆ. ಬೆಳಗ್ಗೆ ಎದ್ದ ಕೂಡಲೇ ರೊಟ್ಟಿ ಕೇಳುತ್ತಾಳೆ. ಅವಳ ಹಿಂದೆ ಅವಳ ಗಂಡ, ಮಕ್ಕಳು, ಬೆಂಗಳೂರಿನಿಂದ ನನ್ನ ದೊಡ್ಡಮ್ಮನ ಮಗನ ಸಂಸಾರ, ಆ ಸಂಸಾರದ ಪರಿಚಯದವರು. ಈ ಕೊನೆಯವರು ಯಾರೆಂದು ನನಗೆ ಇವತ್ತಿಗೂ ಸ್ಪಷ್ಟವಿಲ್ಲ. ಆದರೆ ಅವರಿಗೆ ಕಾಫಿಗೆ ಸಕ್ಕರೆ ಅರ್ಧ ಚಮಚ ಸಾಕು ಎಂಬುದು ಚೆನ್ನಾಗಿ ಗೊತ್ತು.

ಇಷ್ಟೇ ಆಗಿದ್ದರೆ ವಿಷಯ ಬರೆಯುವಷ್ಟು ದೊಡ್ಡದಲ್ಲ. ಸೆಪ್ಟೆಂಬರ್ 22ರಂದು ಚಾಮುಂಡಿಬೆಟ್ಟದ ಮೇಲೆ ಬಾನು ಮುಷ್ತಾಕ್ ಅವರು ದಸರಾ ಉದ್ಘಾಟಿಸಿದರು. ಅದೇ ದಿನ ಬೆಟ್ಟದ ಕೆಳಗೆ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯೂ ಉದ್ಘಾಟನೆಯಾಯಿತು. ಗಣತಿದಾರರು ಯಾರು? ಶಾಲೆಯ ಮೇಷ್ಟ್ರುಗಳು, ಟೀಚರುಗಳು. ಮಕ್ಕಳಿಗೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ ರಜೆ; ಟೀಚರಿಗೆ ಮನೆ ಮನೆ ಸುತ್ತಿ ಅರವತ್ತು ಪ್ರಶ್ನೆ ಕೇಳುವ ಕೆಲಸ. ಮನೆಯಲ್ಲಿ ಈ ಸುದ್ದಿ ಹೇಳಿದಾಗ ಮೊದಲು ಗಾಬರಿಯಾದವರು ಅತ್ತೆ. "ಹಾಗಾದ್ರೆ ಗೊಂಬೆ?" ಎಂದರು.

ಗೊಂಬೆ ಕೂರಿಸದ ನವರಾತ್ರಿಯನ್ನು ಅತ್ತೆ ಕಂಡವರಲ್ಲ. ಪಟ್ಟದ ಗೊಂಬೆಗಳು ಅವರ ತವರಿನಿಂದ ಬಂದವು. ರಕ್ತಚಂದನದ ಆ ರಾಜ ರಾಣಿಗೆ ವರ್ಷ ವರ್ಷ ಹೊಸ ಜರಿ ಬಟ್ಟೆ ಉಡಿಸಬೇಕು. ಹಂತಗಳು ಐದೋ ಏಳೋ ಒಂಬತ್ತೋ, ಬೆಸವೇ ಆಗಬೇಕು. ಅಟ್ಟದಿಂದ ಪೆಟ್ಟಿಗೆ ಇಳಿಸುವುದು ಯಜಮಾನರ ಪಾಲಿನ ಕೆಲಸ. ಅವರು ಅದನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಾರೆಂದರೆ, ಪೆಟ್ಟಿಗೆ ಇಳಿಸಿದ ಮೇಲೆ ಹಬ್ಬ ಮುಗಿದು ಅದನ್ನು ಮೇಲೆ ಹತ್ತಿಸುವವರೆಗೂ ಸುಧಾರಿಸಿಕೊಳ್ಳುತ್ತಾರೆ. ನಾಲ್ಕನೇ ಕ್ಲಾಸಿನ ಮಗ ಶೆಟ್ಟರ ಅಂಗಡಿಯ ಪಕ್ಕದಲ್ಲಿ ಡೈನೋಸಾರ್ ನಿಲ್ಲಿಸಿದ. ಒಂಬತ್ತನೇ ಕ್ಲಾಸಿನ ಮಗಳು "ಥೀಮ್ ಇರ್ಬೇಕಮ್ಮ" ಎಂದು ದಶಾವತಾರವನ್ನು ಬಣ್ಣದ ಹೊಂದಾಣಿಕೆಯ ಪ್ರಕಾರ ಜೋಡಿಸಿ, ವಾಮನನನ್ನು ಕೃಷ್ಣನ ಆಚೆಗೆ ಕಳಿಸಿದಳು. ಅತ್ತೆ ಕನ್ನಡಕ ಹಾಕಿಕೊಂಡು ಬಂದು ಅವತಾರಗಳನ್ನು ಮತ್ತೆ ಕಾಲಾನುಕ್ರಮಕ್ಕೆ ತಂದರು. ಡೈನೋಸಾರ್ ಮಾತ್ರ ಅಲ್ಲೇ ಉಳಿಯಿತು. "ಅದೂ ಹಳೇ ಕಾಲದ್ದೇ ತಾನೆ, ಇರ್ಲಿ ಬಿಡು" ಎಂಬುದು ಅವರ ತೀರ್ಪು.

ಗೊಂಬೆ ಕೂರಿಸುವುದು ಒಂದು ದಿನದ ಕೆಲಸ. ದಿನಾ ಇರುವುದು ಉಸಲಿ. ಸಂಜೆಯಾದರೆ ಬೀದಿಯ ಮಕ್ಕಳು "ಗೊಂಬೆ ಕೂರ್ಸಿದ್ದೀರಾ?" ಎಂದು ಗೇಟಿನ ಹತ್ತಿರ ಕೂಗುತ್ತಾರೆ. ಅವರ ಕೈಗೆ ಗೊಂಬೆ ಬಾಗಿನ ಹಾಕಬೇಕು. ಇವತ್ತು ಕಡಲೆಕಾಳು, ನಾಳೆ ಹೆಸರುಕಾಳು, ನಾಡಿದ್ದು ಅಲಸಂದೆ. ಮೈಸೂರಿನ ಹೆಂಗಸರು ನವರಾತ್ರಿಯಲ್ಲಿ ರಾತ್ರಿ ದೀಪ ಆರಿಸುವಾಗ ದೇವರ ಹೆಸರು ಹೇಳುತ್ತಾರೋ ಇಲ್ಲವೋ, "ಕಾಳು ನೆನೆಹಾಕಿದೆನಾ?" ಎಂದು ಖಂಡಿತ ಕೇಳಿಕೊಳ್ಳುತ್ತಾರೆ. ಮರೆತರೆ ಎಲ್ಲಕ್ಕಿಂತ ಬೇಗ ನೆನೆಯುವ ಹೆಸರುಬೇಳೆಯ ಕೋಸಂಬರಿಯೇ ಗತಿ. ಅದನ್ನು ಕಂಡ ಮಕ್ಕಳು ಮುಖ ಸಿಂಡರಿಸಿ ಪಕ್ಕದ ಮನೆಗೆ ಹೋಗುತ್ತಾರೆ, ಮತ್ತು ನಿಮ್ಮ ಮನೆಯ ಮರ್ಯಾದೆ ಬೀದಿಯಿಡೀ ತಿಳಿಯುತ್ತದೆ.

ಇಲ್ಲೇ ಸಮೀಕ್ಷೆ ನನ್ನ ಕೈ ಹಿಡಿದದ್ದು. ನವರಾತ್ರಿಯಲ್ಲಿ ಮುತ್ತೈದೆಯೊಬ್ಬಳು ಬಾಗಿಲಿಗೆ ಬಂದರೆ, ಅವಳ ಕತ್ತಿನಲ್ಲಿ ಗುರುತಿನ ಚೀಟಿ ನೇತಾಡಲಿ, ಕೈಯಲ್ಲಿ ಮೊಬೈಲ್ ಇರಲಿ, ಬರಿಗೈಲಿ ಕಳಿಸುವ ಪದ್ಧತಿ ನಮ್ಮ ಊರಿನಲ್ಲಿಲ್ಲ. ಒಟಿಪಿ ಬರುವುದರೊಳಗೆ ಅರಿಶಿನ ಕುಂಕುಮ, ಅದರ ಹಿಂದೆ ಉಸಲಿ. ನೆಟ್‌ವರ್ಕ್ ನಿಧಾನವಾದಷ್ಟೂ ಉಸಲಿಯ ಪ್ರಮಾಣ ಹೆಚ್ಚು. ನಾನು ಒಂದು ಸ್ಟೀಲ್ ಡಬ್ಬಿಯನ್ನೇ ಬ್ಯಾಗಿನಲ್ಲಿ ಇಟ್ಟುಕೊಳ್ಳತೊಡಗಿದೆ. ಸಂಜೆ ಮನೆಗೆ ಬಂದು, ಹತ್ತಾರು ಅಡುಗೆಮನೆಗಳ ಉಸಲಿಯನ್ನು ಒಟ್ಟು ಮಾಡಿ, ಮೇಲೊಂದು ಒಗ್ಗರಣೆ ಕೊಟ್ಟು ನೆಂಟರ ಮುಂದಿಟ್ಟರೆ, ದೊಡ್ಡಮ್ಮನ ಮಗ ಎರಡೆರಡು ಸಲ ಹಾಕಿಸಿಕೊಂಡ. "ಮಿಕ್ಸ್ ಉಸಲಿ ಸೂಪರ್ ಕಣೇ, ಹೇಗ್ ಮಾಡಿದ್ದು?" ಎಂದ. ಸಮೀಕ್ಷೆಯ ಮಾಹಿತಿ ಗೋಪ್ಯವಾಗಿಡಬೇಕೆಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಇಟ್ಟೆ.

ಪ್ರಶ್ನೆಗಳಲ್ಲಿ ನನಗೆ ಬಹಳ ರುಚಿಸಿದ್ದು ಉದ್ಯೋಗದ್ದು. ಒಂದು ಮನೆಯಲ್ಲಿ ಹೆಂಗಸೊಬ್ಬರು ಮೊಣಕೈವರೆಗೆ ಕಣಕ ಮೆತ್ತಿಕೊಂಡು ಬಾಗಿಲು ತೆಗೆದರು. ಒಳಗೆ ಕುಕ್ಕರ್ ಕೂಗುತ್ತಿತ್ತು, ಮಗುವೊಂದು ಕಾಲಿಗೆ ತೊಡರಿಕೊಂಡಿತ್ತು, ಮಾವನವರು ಮಾತ್ರೆ ಎಲ್ಲಿ ಎಂದು ಕೂಗುತ್ತಿದ್ದರು. "ನೀವೇನು ಕೆಲಸ ಮಾಡ್ತೀರಿ?" ಎಂದೆ. "ಏನಿಲ್ಲ ಮೇಡಂ, ಮನೇಲೇ ಇರ್ತೀನಿ" ಎಂದರು. ಮುಂದಿನ ಮನೆಯಲ್ಲೂ ಏನಿಲ್ಲ. ಅದರಾಚೆಯದರಲ್ಲೂ ಏನಿಲ್ಲ. ಆ ಬೀದಿಯಲ್ಲಿ ಏನೂ ಮಾಡದ ಹೆಂಗಸರೆಲ್ಲ ಸೇರಿ ಊರಿಗೆ ಬಂದಿದ್ದ ಅರ್ಧ ಜನಕ್ಕೆ ಅಡುಗೆ ಹಾಕುತ್ತಿದ್ದರು. ಏನೋ ಮಾಡುತ್ತಿದ್ದ ಗಂಡಸರು ಜಗಲಿಯಲ್ಲಿ ಕೂತು ಪೇಪರಿನಲ್ಲಿ ಯುವ ದಸರಾಕ್ಕೆ ಯಾರು ಹಾಡುತ್ತಾರೆ ಎಂದು ನೋಡುತ್ತಿದ್ದರು.

ನಮ್ಮ ಮನೆಗೂ ಗಣತಿದಾರರು ಬಂದರು, ಬೇರೆ ಶಾಲೆಯ ಮೇಷ್ಟ್ರು. ಆ ಹೊತ್ತಿಗೆ ನಾನಿರಲಿಲ್ಲ, ಇನ್ಯಾರದೋ ಮನೆಯಲ್ಲಿ ಕೂತು ಇದೇ ಪ್ರಶ್ನೆ ಕೇಳುತ್ತಿದ್ದೆ. ಮಗಳು ಆಮೇಲೆ ನಟಿಸಿ ತೋರಿಸಿದ್ದು ಹೀಗೆ. "ಅಜ್ಜೀ, ಮನೆಯಲ್ಲಿ ಎಷ್ಟು ಜನ?" ಅತ್ತೆ: "ಇವತ್ತಿನ ಲೆಕ್ಕವೋ, ನಾಳೇದೋ?" ಮೇಷ್ಟ್ರು ತಡಬಡಾಯಿಸಿ, "ಇಲ್ಲೇ ಇರೋರು ಅಜ್ಜಿ, ಪರ್ಮನೆಂಟು" ಎಂದರಂತೆ. ಅತ್ತೆ ಹಾಲ್‌ನಲ್ಲಿ ಕಾಲು ಚಾಚಿ ಮಲಗಿದ್ದವರನ್ನೆಲ್ಲ ಒಂದು ಸಲ ನೋಡಿ, "ಇವರು ಹೋಗೋ ಹಾಗೆ ಕಾಣಲ್ಲ, ಸೇರಿಸಿಕೊಂಡುಬಿಡಿ" ಎಂದರಂತೆ. ನಾದಿನಿ ಪಾಪ ತನ್ನ ಆಧಾರ್ ಕಾರ್ಡು ಹುಡುಕಲು ಎದ್ದೇಬಿಟ್ಟಿದ್ದಳು.

ಇನ್ನು ಮಕ್ಕಳು. ಶಾಲೆಯಿದ್ದಾಗ ದಿನಕ್ಕೊಂದು ಡಬ್ಬಿಯಲ್ಲಿ ಮುಗಿಯುತ್ತಿದ್ದ ಹೊಟ್ಟೆಗಳು ರಜೆ ಬಂದ ಕೂಡಲೇ ಗಂಟೆಗೊಮ್ಮೆ ಬಾಯಿ ಬಿಡುತ್ತವೆ. ಸೋಫಾದ ಮೇಲೆ ತಲೆಕೆಳಗಾಗಿ ಬಿದ್ದುಕೊಂಡು "ಬೋರು" ಎನ್ನುವುದು ಇನ್ನೊಂದು ಕಸುಬು. ವಸ್ತುಪ್ರದರ್ಶನಕ್ಕೆ, ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬಂದ ಸಂಜೆಯೂ "ಬೋರು" ಅನ್ನಬಲ್ಲ ಶಕ್ತಿ ನನ್ನ ಮಗನಿಗಿದೆ. ಸರಸ್ವತಿ ಪೂಜೆಯ ದಿನ ಮಾತ್ರ ಅವನ ಭಕ್ತಿ ನೋಡಬೇಕಿತ್ತು. ಗಣಿತದ ಪುಸ್ತಕ, ಕಾಪಿ, ರಜೆಯ ಮನೆಗೆಲಸದ ಹಾಳೆಗಳು, ಕಡೆಗೆ ಪೆನ್ಸಿಲ್ ಚೂಪು ಮಾಡುವ ಶಾರ್ಪ್‌ನರ್ ಕೂಡ ಬಿಡದೆ ತಂದು ದೇವಿಯ ಮುಂದೆ ಪೇರಿಸಿದ. ಪೂಜೆಗಿಟ್ಟ ಪುಸ್ತಕ ವಿಸರ್ಜನೆಯವರೆಗೆ ಮುಟ್ಟಬಾರದು. ಅಜ್ಜಿಯ ಬೆಂಬಲ ಬೇರೆ. "ಮೊಬೈಲ್ ಇಡಲಿಲ್ಲವೇನೋ?" ಎಂದರೆ, "ಅದು ಪುಸ್ತಕ ಅಲ್ಲಮ್ಮ" ಎಂದ. ನಾನೂ ನನ್ನ ಕ್ಲಾಸಿನ ಮಕ್ಕಳಿಗೆ ಅಂಥದ್ದೇ ಹಾಳೆಗಳನ್ನು ಕೊಟ್ಟು ಕಳಿಸಿದ್ದೇನೆ. ಅವೂ ಈಗ ಊರಿನ ನಾನಾ ದೇವರ ಮನೆಗಳಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿವೆ ಎಂಬ ಅರಿವಿನಿಂದ ಸುಮ್ಮನಾದೆ.

ಆಯುಧಪೂಜೆಯ ದಿನ ನಮ್ಮ ಮನೆಯ ಸ್ಕೂಟರಿಗೆ ಸಿಗುವ ಉಪಚಾರ ನನಗೆ ಬಾಣಂತನದಲ್ಲೂ ಸಿಕ್ಕಿರಲಿಲ್ಲ. ಯಜಮಾನರು ಬೆಳಗಿನಿಂದ ಅದಕ್ಕೆ ಶಾಂಪೂ ಸ್ನಾನ ಮಾಡಿಸಿ, ಮೃದುವಾದ ಬಟ್ಟೆಯಲ್ಲಿ ಒರೆಸಿ, ಸೇವಂತಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟರು. ಒಳಗೆ ಮಿಕ್ಸಿ, ಗ್ರೈಂಡರ್, ಗ್ಯಾಸ್ ಒಲೆ, ಚಾಕು, ಈಳಿಗೆಮಣೆಗೆಲ್ಲ ಅರಿಶಿನ ಕುಂಕುಮ. ಪೂಜೆಗಿಟ್ಟ ಆಯುಧವನ್ನು ಆ ದಿನ ಬಳಸಬಾರದು ಎಂಬುದು ಶಾಸ್ತ್ರ. ಬಂದವರಿಗೆಲ್ಲ ಹೋಳಿಗೆ ಊಟ ಹಾಕಬೇಕು ಎಂಬುದು ಸಂಪ್ರದಾಯ. ಇವೆರಡರ ನಡುವಿನ ಬಿಕ್ಕಟ್ಟನ್ನು ಅತ್ತೆ ಎಂದೋ ಪರಿಹರಿಸಿದ್ದಾರೆ. ನಮ್ಮಲ್ಲಿ ಎರಡು ಈಳಿಗೆಮಣೆಗಳಿವೆ. ಒಂದು ಪೂಜೆಗೆ, ಇನ್ನೊಂದು ಪೂಜೆಯ ದಿನ ತರಕಾರಿ ಹೆಚ್ಚುವುದಕ್ಕೆ. ಸಮೀಕ್ಷೆಯ ಮೊಬೈಲನ್ನೂ ಮಗಳು ಹೂವಿನ ನಡುವೆ ಇಟ್ಟಿದ್ದಳು. ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಅದು ಟುಣುಕ್ ಎಂದಿತು: "ಎಷ್ಟು ಮನೆ ಬಾಕಿ? ತಿಳಿಸಿ." ಬೂದುಗುಂಬಳ ಒಡೆಯುವ ಕೆಲಸವನ್ನು ಆಗ ನಾನೇ ಕೇಳಿ ತೆಗೆದುಕೊಂಡೆ. ಒಂದೇ ಏಟಿಗೆ ಹೋಳಾಯಿತು.

ಜಂಬೂಸವಾರಿಯ ದಿನ ನಸುಕಿನಲ್ಲೇ ನೆಂಟರ ಪಡೆ ಪುಳಿಯೋಗರೆ, ಮೊಸರನ್ನ, ನೀರಿನ ಬಾಟಲಿ, ಹಾಸಲು ಹಳೇ ಜಮಖಾನದ ಸಮೇತ ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತ್ ಹಿಡಿಯಲು ಹೊರಟಿತು. ಮನೆಯಲ್ಲಿ ನಾನು, ಅತ್ತೆ ಮತ್ತು ರಾಶಿ ಪಾತ್ರೆ. ಮೈಸೂರಿನವರು ಜಂಬೂಸವಾರಿಯನ್ನು ನೋಡುವುದು ಹೀಗೇ, ಟೀವಿಯಲ್ಲಿ. ಸಂಜೆ ಅಭಿಮನ್ಯು 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತು ಗಂಭೀರವಾಗಿ ಹೆಜ್ಜೆ ಹಾಕಿದಾಗ ಅತ್ತೆ ಕೂತಲ್ಲೇ ಕೈಮುಗಿದರು. ನನಗೂ ಗಂಟಲು ಕಟ್ಟಿತು, ಸುಳ್ಳೇಕೆ. ಆದರೆ ಮನಸ್ಸು ಇನ್ನೊಂದು ಕಡೆಗೂ ಓಡಿತು. ಅಭಿಮನ್ಯುವನ್ನು ವಾರಗಟ್ಟಲೆ ಮುಂಚೆ ಕಾಡಿನಿಂದ ಕರೆತರುತ್ತಾರೆ. ತೂಕ ನೋಡುತ್ತಾರೆ. ಹೆಸರುಕಾಳು, ಉದ್ದು, ಬೆಲ್ಲ, ಬೆಣ್ಣೆ ಹಾಕಿ ಮೈ ತುಂಬಿಸುತ್ತಾರೆ. ಮೊದಲು ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ ಹೊರಿಸಿ ತಾಲೀಮು ಕೊಡುತ್ತಾರೆ. ಎಡಬಲದಲ್ಲಿ ಎರಡು ಕುಮ್ಕಿ ಆನೆಗಳನ್ನು ಜೊತೆಗೆ ಬಿಡುತ್ತಾರೆ. ನನ್ನ ಕುಮ್ಕಿ ಆಗ ಸಯ್ಯಾಜಿರಾವ್ ರಸ್ತೆಯಲ್ಲಿ ಜಮಖಾನದ ಮೇಲೆ ಕೂತು ಮೊಸರನ್ನ ತಿನ್ನುತ್ತಿತ್ತು.

ರಾತ್ರಿ ಎಲ್ಲರೂ ಬಂದರು. "ಹೇಗಿತ್ತು?" ಎಂದೆ. "ಏನೂ ಕಾಣ್ಲಿಲ್ರೀ ವೈನಿ, ಮುಂದ ನಿಂತಾಂವ ಮೊಬೈಲ್ ಎತ್ತಿ ಹಿಡಿದಿದ್ದ, ಅದ್ರಾಗ ನೋಡಿದ್ವಿ" ಎಂದಳು ನಾದಿನಿ. ಆದರೂ ಮರೆಯದೆ ಬನ್ನಿ ಎಲೆ ತಂದಿದ್ದಳು. ನನ್ನ ಒದ್ದೆ ಕೈಗೆ ಕೊಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೂಣ" ಎಂದು ಕಾಲಿಗೆ ನಮಸ್ಕರಿಸಿದಳು. ಅವಳ ಮೇಲೆ ನಾನು ಹಗಲೆಲ್ಲ ಒಳಗೊಳಗೇ ಗೊಣಗಿದ್ದು ಆ ಕ್ಷಣಕ್ಕೆ ರದ್ದಾಯಿತು. ಮಾರನೆಯ ಬೆಳಗ್ಗೆ ರೊಟ್ಟಿ ಕೇಳಿದಾಗ ಮತ್ತೆ ಜಾರಿಗೆ ಬಂತು.

ಅಕ್ಟೋಬರ್ 7ಕ್ಕೆ ಶಾಲೆ ರಜೆ ಮುಗಿಯುತ್ತದಲ್ಲ ಎಂದು ನಾನು ದಿನ ಎಣಿಸುತ್ತಿದ್ದೆ. ಸಮೀಕ್ಷೆ ಮುಗಿಯಲಿಲ್ಲವೆಂದು ಸರ್ಕಾರಿ, ಅನುದಾನಿತ ಶಾಲೆಗಳ ರಜೆ 18ರವರೆಗೆ ಮುಂದಕ್ಕೆ ಹೋಯಿತು. ಸುದ್ದಿ ಕೇಳಿ ನನ್ನ ಮಕ್ಕಳು ಕುಣಿದಷ್ಟು ಯುವ ದಸರಾದಲ್ಲೂ ಯಾರೂ ಕುಣಿದಿರಲಾರರು. 18 ಮುಗಿದ ಬೆನ್ನಿಗೇ ದೀಪಾವಳಿ: ನೀರು ತುಂಬುವುದು, ಎಣ್ಣೆಸ್ನಾನ, ಪಟಾಕಿ ಬೇಕು ಬೇಡಗಳ ಜಗಳ, ಕಜ್ಜಾಯದ ಪಾಕ. ಅದನ್ನು ವಿವರಿಸಲು ಈಗ ನನ್ನಲ್ಲಿ ತ್ರಾಣವಿಲ್ಲ. ಅಷ್ಟೂ ದಿನ ಗೀಸರ್ ಉರಿದೇ ಉರಿದು, ಆ ತಿಂಗಳು ಗೃಹಜ್ಯೋತಿಯ 200 ಯೂನಿಟ್ ದಾಟಿ ಪೂರ್ತಿ ಬಿಲ್ಲು ನಮ್ಮ ತಲೆಗೇ ಬಂತು ಎಂದರೆ ಸಾಕು. ಬಿಲ್ಲು ನೋಡಿದ ಯಜಮಾನರು "ಅರಮನೆಯ ಲಕ್ಷ ಬಲ್ಬಿನ ಲೈನು ನಮ್ಮ ಮೀಟರಿಗೇನಾದ್ರೂ ಸೇರಿದೆಯಾ?" ಎಂದರು. ಹಬ್ಬದ ಇಡೀ ಲೆಕ್ಕದಲ್ಲಿ ಅವರು ಕೇಳಿದ ಒಂದೇ ಒಂದು ಸರಿಯಾದ ಪ್ರಶ್ನೆ ಅದು.

ಇದನ್ನೆಲ್ಲ ಓದಿ, ಈ ಹೆಂಗಸು ಯಾರನ್ನೂ ಮನೆಗೆ ಕರೆಯುವುದಿಲ್ಲ ಎಂದುಕೊಳ್ಳಬೇಡಿ. ನೆಂಟರಿಲ್ಲದ ದಸರಾವನ್ನೂ ಕೊರೊನಾ ಕಾಲದಲ್ಲಿ ನೋಡಿದ್ದೇನೆ. 2020ರಲ್ಲಿ ಜಂಬೂಸವಾರಿ ಅರಮನೆಯ ಅಂಗಳದೊಳಗೇ ಮುಗಿದಾಗ, ನೆನೆಹಾಕಿದ ಒಂದು ಹಿಡಿ ಕಡಲೆಕಾಳೂ ನಮ್ಮ ಮನೆಯಲ್ಲಿ ಖರ್ಚಾಗಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಮುಂದಿನ ನವರಾತ್ರಿಗೆ ನೀವೂ ಖಂಡಿತ ಬನ್ನಿ. ಬರುವ ಮುಂಚೆ ಒಂದು ಫೋನ್ ಮಾಡಿ. ಹಾಲ್‌ನಲ್ಲಿ ಗೊಂಬೆಗಳ ಮುಂದೆ ಚಾಪೆ ಹಾಸುವಷ್ಟು ಜಾಗ ಎಲ್ಲರಿಗೂ ಇದೆ. ಮಂಚವಿರುವ ರೂಮು ಮಾತ್ರ ಒಂದೇ. ಅದು ತೆಂಗಿನಕಾಯಿ ತುರಿಯಲು ಬರುವವರಿಗೆ.