ಸಿ1 ಅಡ್ವಾನ್ಸ್ಡ್ ಪರೀಕ್ಷೆಯ ಅವಧಾನಮೂಲ: ಖಂಡನ, ಮಂಡನ ಮತ್ತು ಒಂದು ಸಣ್ಣ ವಿನಾಯಿತಿ

ಕೇಂಬ್ರಿಜ್‌ನವರು 1991ರಲ್ಲಿ ಶುರುಮಾಡಿದ, ಈಗ ಸಿ1 ಅಡ್ವಾನ್ಸ್ಡ್ ಎಂಬ ಹೆಸರು ಹೊತ್ತಿರುವ ಇಂಗ್ಲಿಷ್ ಪರೀಕ್ಷೆ ನಮ್ಮ ಅಷ್ಟಾವಧಾನದಿಂದ ಕದ್ದ ಮಾಲು ಎಂಬುದೇ ಈ ಪ್ರಬಂಧದ ಪ್ರತಿಜ್ಞೆ. ಪ್ರಮಾಣಗಳು ಯಥೇಚ್ಛ ಇವೆ. ಇಲ್ಲದ ಕಡೆ ಧ್ವನಿ ಏರಿಸಲಾಗುವುದು.

ಮೊದಲನೆಯದು ಸಂಖ್ಯಾಪ್ರಮಾಣ. ಓದು ಮತ್ತು ಭಾಷಾಬಳಕೆಯ ಪತ್ರಿಕೆಗೆ ಎಂಟು ಭಾಗ. ಅವಧಾನದಲ್ಲಿ ಕವಿಯನ್ನು ಏಕಕಾಲಕ್ಕೆ ಪ್ರಶ್ನಿಸಿ ಕಾಡುವ ಪೃಚ್ಛಕರೂ ಎಂಟು. ಪ್ರಶ್ನೆಗಳು 56, ಅಂದರೆ ಎಂಟೇಳ್ಲ ಐವತ್ತಾರು. ಏಳು ಎಲ್ಲಿಂದ ಬಂತೆಂದು ಕೇಳುವವರು ಸಪ್ತಸ್ವರ, ಸಪ್ತರ್ಷಿ, ಸಪ್ತಪದಿಗಳನ್ನು ಮೊದಲು ಅಲ್ಲಗಳೆದು ಬರಲಿ. ಇಷ್ಟಕ್ಕೂ 90 ನಿಮಿಷ ಮಾತ್ರ.

ಸಂಶಯವಾದಿಗಳ ಬಾಯಿ ಮುಚ್ಚಿಸುವುದು ನಾಲ್ಕನೆಯ ಭಾಗ. ಅಲ್ಲಿ ಒಂದು ವಾಕ್ಯ ಕೊಟ್ಟು, ಅದೇ ಅರ್ಥ ಬರುವಂತೆ ಇನ್ನೊಂದನ್ನು ಪೂರ್ತಿ ಮಾಡಲು ಹೇಳುತ್ತಾರೆ. ಜೊತೆಗೊಂದು ಪದ ಕೊಡುತ್ತಾರೆ. ಅದರ ರೂಪ ಎಳ್ಳಷ್ಟೂ ಕೆಡಕೂಡದು. ಖಾಲಿ ಜಾಗಕ್ಕೆ ಮೂರರಿಂದ ಆರು ಪದ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಇದು, ಕೊಟ್ಟ ಪದಗಳನ್ನು ಪದ್ಯದಲ್ಲಿ ಹೆಣೆಯುವ ಅವಧಾನದ ದತ್ತಪದಿಯಲ್ಲದೆ ಮತ್ತೇನು? ಪದ ಎಣಿಸುವ ಶಾಸ್ತ್ರವಂತೂ ಇನ್ನೂ ರೋಚಕ: ‘ಡಿಡ್ನ್ಟ್’ ಕಣ್ಣಿಗೆ ಒಂದು, ಲೆಕ್ಕಕ್ಕೆ ಎರಡು, ‘ಕಾಂಟ್’ ಮಾತ್ರ ಬಿಡಿಸಿದರೂ ಒಂದೇ ಪದವಾದ್ದರಿಂದ ಲೆಕ್ಕಕ್ಕೂ ಒಂದು. ಉತ್ಸರ್ಗ, ಹಿಂದೆಯೇ ಅಪವಾದ! ಪಾಣಿನಿಯ ಮನೆಯ ಅನ್ನ ಉಣ್ಣದವರಿಗೆ ಇದು ಹೊಳೆದೀತೇ?

ಆಲಿಸುವ ಪತ್ರಿಕೆ ಸುಮಾರು 40 ನಿಮಿಷದ್ದು. ಪ್ರತಿಯೊಂದನ್ನೂ ಎರಡು ಸಲ ಕೇಳಿಸುತ್ತಾರೆ, ಏಕಸಂಧಿಗ್ರಾಹಿಗಳು ಅಲ್ಲಿ ಹುಟ್ಟುವುದು ಅಪರೂಪವಾದ್ದರಿಂದ. ಕೊನೆಯ ಭಾಗದಲ್ಲಿ ಐವರು ಒಬ್ಬರಾದ ಮೇಲೊಬ್ಬರು ಮಾತಾಡುತ್ತಾರೆ; ಅಭ್ಯರ್ಥಿ ಎರಡು ಪ್ರಶ್ನಾವಳಿಗಳಿಗೆ ಒಟ್ಟೊಟ್ಟಿಗೆ ಉತ್ತರ ಹೆಕ್ಕಬೇಕು. ಒಂದೊಂದರಲ್ಲೂ ಆಯ್ಕೆಗಳು ಎಷ್ಟು? ಎಂಟು. ಇನ್ನು ನಾನೇನೂ ಹೇಳುವುದಿಲ್ಲ.

ಬರವಣಿಗೆಯಲ್ಲಿ 220ರಿಂದ 260 ಪದಗಳ ಪ್ರಬಂಧ ಕಡ್ಡಾಯ. ಆಮೇಲೆ ಪತ್ರ, ವರದಿ, ವಿಮರ್ಶೆ, ಪ್ರಸ್ತಾವಗಳಲ್ಲಿ ಕೇಳಿದವುಗಳ ಪೈಕಿ ಒಂದು. ಸಮುದ್ರವನ್ನೇ ಕಾಣದ ಚಂಪೂಕವಿ ಸಮುದ್ರವರ್ಣನೆಗೆ ಇಳಿದಂತೆ, ಅಭ್ಯರ್ಥಿ ತಾನು ಕಾಲಿಡದ ಕಂಪನಿಯ ಸುಧಾರಣೆಗೆ ವರದಿ ಒಪ್ಪಿಸಬಹುದು. ಸತ್ಯಕ್ಕೆ ಅಂಕವಿಲ್ಲ.

ಪೂರ್ವಪಕ್ಷಿ ಕೇಳುತ್ತಾನೆ: “ಕೇಂಬ್ರಿಜ್‌ನವರ ಪ್ರೊಫಿಷಿಯೆನ್ಸಿ ಪರೀಕ್ಷೆ 1913ರಲ್ಲೇ ಇತ್ತಲ್ಲ, ಅದರಲ್ಲಿ ಈ ಅವಧಾನ ಎಲ್ಲಿ?” ಇರಲಿಲ್ಲ, ಒಪ್ಪೋಣ. ಅನುವಾದ, ಧ್ವನಿಶಾಸ್ತ್ರ, ಪ್ರಬಂಧ ಎಂದು ಸುಮಾರು 12 ಗಂಟೆ ಹಿಂಡುತ್ತಿದ್ದರು. ಮೊದಲ ವರ್ಷ ಕೂತವರು ಮೂರು ಜನ, ಪಾಸಾದವರು ಸೊನ್ನೆ. ಅವಧಾನವಿಲ್ಲದ ಪರೀಕ್ಷೆಗೆ ಆಗಬೇಕಾದ್ದೇ ಆಯಿತು.

ಫಲಶ್ರುತಿಯೂ ನಮ್ಮದೇ. 180 ಅಂಕ ಬಂದರೆ ಸಿ1 ಮಟ್ಟ. 200 ಮುಟ್ಟಿದರೆ ಕೂತದ್ದಕ್ಕಿಂತ ಮೇಲಿನ ಸಿ2 ಲೋಕಪ್ರಾಪ್ತಿ. 180ಕ್ಕೆ ತುಸು ಕಡಿಮೆಯಾದವರನ್ನೂ ಬರಿಗೈಯಲ್ಲಿ ಕಳಿಸರು, 160ರವರೆಗೆ ಬಿ2 ಎಂಬ ಮಧ್ಯಮ ಸ್ವರ್ಗವುಂಟು.

ಉಳಿದದ್ದು ಮಾತಿನ ಪರೀಕ್ಷೆ. ಸಾಮಾನ್ಯವಾಗಿ ಅಭ್ಯರ್ಥಿಗಳಿಬ್ಬರು, ಪರೀಕ್ಷಕರಿಬ್ಬರು, 15 ನಿಮಿಷ. ಪರೀಕ್ಷಕರಲ್ಲಿ ಒಬ್ಬರು ಮಾತಾಡಿಸುತ್ತಾರೆ. ಇನ್ನೊಬ್ಬರು ತುಟಿ ಬಿಚ್ಚದೆ ಅಂಕ ಹಾಕುತ್ತಾರೆ. ಸಾಂಖ್ಯರ ಪ್ರಕೃತಿ–ಪುರುಷರನ್ನು ಇಷ್ಟು ಸ್ಪಷ್ಟವಾಗಿ ಕುರ್ಚಿಯಲ್ಲಿ ಕೂರಿಸಿದ ಉದಾಹರಣೆ ಬೇರೆಡೆ ಸಿಗದು. ಮೊದಲು ನಿಮ್ಮೂರು, ನಿಮ್ಮ ಹವ್ಯಾಸ ಎಂದು ಕೆದಕುವುದು ಅವಧಾನದ ಅಪ್ರಸ್ತುತಪ್ರಸಂಗ. ಆಮೇಲೆ ಮೂರು ಚಿತ್ರ ಮುಂದಿಟ್ಟು, ಎರಡನ್ನು ಆರಿಸಿಕೊಂಡು ಮಾತಾಡಿ ಎನ್ನುವುದು ಆಶುಕವಿತೆ.

ಆದರೆ ಇಲ್ಲಿ ಒಂದು ತೊಡಕಿದೆ, ವಿದ್ವತ್‌ ಪ್ರಾಮಾಣಿಕತೆಗಾಗಿ ದಾಖಲಿಸಬೇಕು. ನಿಮಿಷ ತುಂಬಿದೊಡನೆ ಪರೀಕ್ಷಕರು “ಥ್ಯಾಂಕ್ ಯು” ಎನ್ನುತ್ತಾರೆ. ಮಾತಾಡುವವರು ಅಷ್ಟಕ್ಕೇ ನಿಲ್ಲಿಸುತ್ತಾರೆ. ಚೀಟಿಯಿಲ್ಲ, ಗಂಟೆಯಿಲ್ಲ, ‘ಕೊನೆಯದಾಗಿ ಒಂದೇ ಮಾತು’ ಇಲ್ಲ. ನಮ್ಮ ಯಾವ ಸಭೆ, ಗೋಷ್ಠಿ, ಸಮ್ಮೇಳನದಲ್ಲೂ ಈ ಪದ್ಧತಿ ನನ್ನ ಕಣ್ಣಿಗೆ ಬಿದ್ದಿಲ್ಲ. ಇದೊಂದನ್ನು ಪಾಶ್ಚಾತ್ಯರ ಸ್ವಂತ ಆವಿಷ್ಕಾರವೆಂದು ಬಿಟ್ಟುಕೊಡಲು ಅಡ್ಡಿಯಿಲ್ಲ.